ಹಠ ಹಿಡಿಯುವ ಕಂದ

3 ವರ್ಷದ ಮಗನ ತಾಯಿಯೊಬ್ಬರು ಈ ಪುಟಕ್ಕೆ ಪತ್ರ ಬರೆದಿದ್ದಾರೆ. ಹುಡುಗನು ಆಟದ ಭರದಲ್ಲಿ ತಂಗಿಯನ್ನು ತಳ್ಳುತ್ತಾನೆ, ಕಚ್ಚುತ್ತಾನೆ. ಕೇಳಿದ್ದು ಸಿಗದಿದ್ದರೆ ನೆಲದಲ್ಲಿ ಹೊರಳಾಡಿ ಬೀದಿಗೆಲ್ಲ ಕೇಳುವಂತೆ ಅರಚುತ್ತಾನೆ. “ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಎರಡು ಬಿಗಿ” ಎನ್ನುವರು ಯಜಮಾನರು. “ಅಳಿಸಬೇಡ, ಕೊಟ್ಟುಬಿಡು” ಎನ್ನುವರು ಅತ್ತೆಯವರು. ಇವರಿಬ್ಬರ ನಡುವೆ ತಾನೇನು ಮಾಡಬೇಕೆಂಬುದು ಈ ಸೋದರಿಯ ಪ್ರಶ್ನೆ.

ಸೋದರಿ, ಎಲ್ಲರ ಮನೆಯ ದೋಸೆಯೂ ತೂತೇ. 1ರಿಂದ 4 ವರ್ಷದ ಮಕ್ಕಳಲ್ಲಿ ಇಂತಹ ರಂಪ ಸಹಜವಾದುದು. ಬಯಕೆ ಬೆಟ್ಟದಷ್ಟು, ಅದನ್ನು ಹೇಳಲು ಮಾತು ಸಾಸಿವೆಯಷ್ಟು. ಸಿಟ್ಟಿಗೆ ಕಡಿವಾಣ ಹಾಕುವ ಮಿದುಳಿನ ಮುಂಭಾಗವಾದರೋ 20 ವರ್ಷ ದಾಟಿದ ಮೇಲೂ ಬೆಳೆಯುತ್ತಲೇ ಇರುತ್ತದೆ. ಹಿರಿಯರ ಸಂಯಮವನ್ನು ಕಂದನಿಂದ ಬಯಸುವುದು ನ್ಯಾಯವಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಫ್ಲಾರೆನ್ಸ್ ಗುಡ್‌ಎನಫ್ ಅವರು ತಾಯಂದಿರು ಬರೆದಿಟ್ಟ ದಿನಚರಿಗಳನ್ನು ಆಧರಿಸಿ 1931ರಲ್ಲಿ ಮಕ್ಕಳ ಕೋಪವನ್ನು ಕುರಿತ ಗ್ರಂಥವನ್ನು ಪ್ರಕಟಿಸಿದರು. ಹಸಿವು, ಆಯಾಸಗಳ ಹೊತ್ತಿನಲ್ಲಿ ಕೋಪ ಹೆಚ್ಚೆಂಬುದು ಅದರಲ್ಲಿ ಕಂಡುಬಂದಿತು. ನೀವೂ ಒಂದು ವಾರ ಬರೆದಿಟ್ಟು ನೋಡಿ. ಊಟ ತಡವಾದ ದಿನ, ನಿದ್ದೆ ತಪ್ಪಿದ ದಿನ ರಂಪ ಹೆಚ್ಚಾಗಿದ್ದರೆ ಅದಕ್ಕೆ ಮದ್ದು ಬೆತ್ತವಲ್ಲ. ಹೊತ್ತಿಗೆ ಸರಿಯಾದ ಊಟ, ನಿದ್ದೆ.

ರಂಪ ಆರಂಭವಾದ ಮೇಲೆ ಉಪದೇಶ ಫಲಿಸದು. ಪೆಟ್ಟಾಗುವಂತಹ ವಸ್ತುಗಳನ್ನು ಸರಿಸಿ, ಸಮೀಪದಲ್ಲಿ ಸುಮ್ಮನೆ ಕುಳಿತಿರಿ. ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಅದು ಇಳಿಯುತ್ತದೆ. ಆಗ ಮಗುವನ್ನು ಅಪ್ಪಿಕೊಂಡು, “ಬೊಂಬೆ ಸಿಗಲಿಲ್ಲವೆಂದು ಕೋಪ ಬಂತಲ್ಲವೇ?” ಎನ್ನಿ. ಕೋಪಕ್ಕೆ ಮಾತು ದೊರೆತಂತೆಲ್ಲ ಅರಚಾಟ ತಗ್ಗುವುದು. ಅಳುವಿಗೆ ಸೋತು ಮಿಠಾಯಿ ಕೊಟ್ಟರೆ, ಅತ್ತರೆ ಸಿಗುತ್ತದೆಂಬ ಪಾಠವಾಯಿತು. ಹೊಡೆದರೆ, ಬಲಶಾಲಿ ಹೊಡೆಯಬಹುದೆಂಬ ಪಾಠ. ಅದನ್ನು ಅವನು ತಂಗಿಗೆ ಒಪ್ಪಿಸುವನು!

ಒರಟು ಆಟವೆಲ್ಲ ಕೆಟ್ಟದ್ದಲ್ಲ. ಮುಖದಲ್ಲಿ ನಗುವಿದ್ದು, ಬಿದ್ದವರು ಎದ್ದು ಮತ್ತೆ ಬಂದರೆ ಅದು ಆಟ. ಮುಖ ಬಿಗಿದು, ಒಬ್ಬರು ತಪ್ಪಿಸಿಕೊಳ್ಳಲೆಳಸಿದರೆ ಅದು ಜಗಳ, ಕೂಡಲೇ ಬಿಡಿಸತಕ್ಕದ್ದು. ಯಜಮಾನರು ಸಂಜೆ ಅವನೊಡನೆ ಕುಸ್ತಿಯಾಡಲಿ, ಉಪ್ಪುಮೂಟೆ ಹೊರಲಿ. “ಸಾಕು” ಎಂದೊಡನೆ ನಿಲ್ಲಿಸಬೇಕು, ಕಚ್ಚಿದರೆ ಆಟ ಮುಗಿಯಿತು ಎಂಬ ನಿಯಮವಿರಲಿ. ತಂದೆಯೂ ಆ ನಿಯಮಕ್ಕೆ ತಲೆಬಾಗಬೇಕು.

ಒಂದು ಎಚ್ಚರಿಕೆ. ಎಳೆಯ ಮಗುವಿನ ಮುಂಗೈ ಹಿಡಿದು ದರದರನೆ ಎಳೆದರೆ ಮೊಣಕೈಯ ಮೂಳೆ ಜಾರಬಹುದು. ಹಸುಗೂಸನ್ನು ಹಿಡಿದು ಬಲವಾಗಿ ಅಲುಗಿಸಿದರೆ ಮಿದುಳಿನಲ್ಲಿ ರಕ್ತಸ್ರಾವವಾಗಿ ಪ್ರಾಣಕ್ಕೇ ಅಪಾಯ. ಅಳುತ್ತ ಮಗು ಉಸಿರು ಕಟ್ಟಿ ನೀಲಿಗಟ್ಟಿದರೆ ವೈದ್ಯರಿಗೆ ತೋರಿಸಿ. ಕೆಲವರಲ್ಲಿ ಕಬ್ಬಿಣಾಂಶದ ಕೊರತೆಯೂ ಇರುವುದುಂಟು. ನಿಮ್ಮ ತಾಳ್ಮೆ ಮೀರಿತೆನಿಸಿದಾಗ ಮಗುವನ್ನು ಅತ್ತೆಯವರ ಕೈಗಿತ್ತು, ತಣ್ಣೀರಿನಲ್ಲಿ ಮುಖ ತೊಳೆದು ಬನ್ನಿ.

ಇಂದು ರಾತ್ರಿ ಮಕ್ಕಳು ಮಲಗಿದ ಮೇಲೆ ಮೂವರೂ ಕುಳಿತು ಮಾತನಾಡಿ. ಯಾವುದಕ್ಕೆ ‘ಇಲ್ಲ’ ಎನ್ನಬೇಕೆಂಬುದನ್ನು ಒಟ್ಟಾಗಿ ನಿಶ್ಚಯಿಸಿ, ಆ ಮಾತಿಗೆ ಮೂವರೂ ನಿಲ್ಲಿ. ಹಿರಿಯರ ಮಾತು ಒಂದಾದ ಮನೆಯಲ್ಲಿ ಮಗುವಿನ ಹಠಕ್ಕೆ ಆಸರೆ ಕಡಿಮೆ.