‘ಶುಕ್ರವಾರದೊಳಗೆ ಮಳೆ’ ಎಂದು ನಾನು ಹೇಳಿದ ಪಾಠ

2023ರ ಜೂನ್ ಮೊದಲ ವಾರದಲ್ಲಿ ನನ್ನ ಬೋಧನಾಭ್ಯಾಸ ಅಂಕೋಲೆ ಸಮೀಪದ ಒಂದು ಪ್ರೌಢಶಾಲೆಯಲ್ಲಿ ಶುರುವಾಯಿತು. ನನ್ನ ಮನೆ ಕಾರವಾರದಲ್ಲಿ. ಬೆಳಿಗ್ಗೆ ಬಸ್ಸು ಹತ್ತುವ ಮೊದಲೇ ಮೈ ಬೆವರಿರುತ್ತಿತ್ತು. ಜೂನ್ 1ರಿಂದ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಬೈತಖೋಲದಲ್ಲಿ ಬೋಟುಗಳೆಲ್ಲ ಸಾಲಾಗಿ ನಿಂತಿದ್ದವು. ಮಳೆಗಾಲದ ತಯಾರಿ ಮುಗಿದಿತ್ತು, ಮಳೆಗಾಲ ಮಾತ್ರ ಬಂದಿರಲಿಲ್ಲ. ಕಾರವಾರ, ಅಂಕೋಲೆ ಎರಡಕ್ಕೂ ಕುಡಿಯುವ ನೀರು ಕೊಡುವ ಗಂಗಾವಳಿ ಸೊರಗಿತ್ತು. ನಾನು ಹೋಗುತ್ತಿದ್ದ ಶಾಲೆಯ ಬಾವಿಯ ತಳ ಕಾಣುತ್ತಿತ್ತು. ಬಿಸಿಯೂಟದ ಪಾತ್ರೆ ತೊಳೆಯುವುದಕ್ಕೂ ಟ್ಯಾಂಕರಿನ ನೀರು ಬೇಕಾಗಿತ್ತು.

ಅಂಥ ದಿನಗಳಲ್ಲಿ ಎಂಟನೇ ತರಗತಿಗೆ ನಾನು ಮಾಡಿದ ಎರಡು ಪಾಠಗಳ ವಿಷಯ ಇಲ್ಲಿ ಹೇಳಬೇಕು. ಮೊದಲನೆಯದಕ್ಕೆ ನನಗೆ ಒಳ್ಳೆಯ ಅಂಕ ಬಂತು, ಎರಡನೆಯದಕ್ಕೆ ಕಡಿಮೆ ಬಂತು. ಆದದ್ದು ತಿರುಗುಮುರುಗಾಗಬೇಕಿತ್ತು ಎಂಬುದು ನನ್ನ ವಾದ.

ಸೇತುಬಂಧದ ದಿನಗಳಾದ್ದರಿಂದ ಮಕ್ಕಳು ಹಿಂದಿನ ವರ್ಷ ಓದಿದ್ದ ಗಾಳಿ, ಬಿರುಗಾಳಿ, ಚಂಡಮಾರುತದ ಅಂಶಗಳನ್ನು ನೆನಪಿಸಬೇಕಿತ್ತು. ಆ ಪಾಠದಲ್ಲಿ ಬರುವ ದೊಡ್ಡ ಉದಾಹರಣೆ 1999ರ ಒಡಿಶಾ ಚಂಡಮಾರುತ. ನಮ್ಮ ಮಕ್ಕಳಿಗೆ ಕಡಲು ಮನೆ ಹಿಂದೆಯೇ ಇದೆ, ಆದರೆ ಪುಸ್ತಕದ ಚಂಡಮಾರುತ ಯಾವಾಗಲೂ ಬಂಗಾಳ ಕೊಲ್ಲಿಯದು. ಜೂನ್ 6ರ ಮಂಗಳವಾರ ಬೆಳಿಗ್ಗೆ ಬಸ್ಸಿನಲ್ಲಿ ಕೂತು ಫೋನಿನಲ್ಲಿ ಹವಾಮಾನ ಇಲಾಖೆಯ ಪ್ರಕಟಣೆ ನೋಡಿದೆ. ಅರಬ್ಬಿ ಸಮುದ್ರದ ಆಗ್ನೇಯ ಭಾಗದಲ್ಲಿ ವಾಯುಭಾರ ಕುಸಿತ ಆಗಿತ್ತು, ಅದು ಚಂಡಮಾರುತವಾಗುವ ಸೂಚನೆ ಇತ್ತು. ನನಗೆ ಹಬ್ಬ. ಪಾಠ ಯೋಜನೆಯಲ್ಲಿ ‘ತೊಡಗಿಸಿಕೊಳ್ಳುವಿಕೆ’ ಎಂಬಲ್ಲಿ ಬರೆದಿದ್ದ ಬಲೂನಿನ ಚಟುವಟಿಕೆ ಬಿಟ್ಟು ನೇರವಾಗಿ ಅಲ್ಲಿಂದಲೇ ಶುರು ಮಾಡಿದೆ.

ಪಾಠ ಚೆನ್ನಾಗಿ ಹೋಯಿತು. ಬೇಸಿಗೆಯ ಕೊನೆಗೆ ಕಡಲ ನೀರು ಬೆಚ್ಚಗಾಗಿರುತ್ತದೆ. ಮೇಲ್ಮೈ ಉಷ್ಣತೆ ಸುಮಾರು 26.5 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ಚಂಡಮಾರುತಕ್ಕೆ ಬೇಕಾದ ಶಕ್ತಿ ಸಿಗುತ್ತದೆ. ಮಳೆಗಾಲ ಬಿರುಸಾದ ಮೇಲೆ ಮೇಲಿನ ಗಾಳಿಯೂ ಕೆಳಗಿನ ಗಾಳಿಯೂ ಬೇರೆ ಬೇರೆ ದಿಕ್ಕಿಗೆ ಜೋರಾಗಿ ಬೀಸುವುದರಿಂದ ಅದು ಕಟ್ಟಿಕೊಳ್ಳುವುದು ಕಷ್ಟ. ಆದ್ದರಿಂದ ಅರಬ್ಬಿ ಸಮುದ್ರದಲ್ಲಿ ಇದರ ಕಾಲ ಮುಂಗಾರಿನ ಹಿಂದೆ ಮುಂದೆ. ಬಾವಿ ಒಣಗುವ ದಿನಗಳೂ ತುಫಾನು ಕಾಯುವ ದಿನಗಳೂ ನಮ್ಮಲ್ಲಿ ಒಂದೇ ಆಗಿರುವುದು ಹೀಗೆ. ಮಕ್ಕಳು ಕಣ್ಣು ಬಿಟ್ಟು ಕೇಳಿದರು.

ಕೊನೆಗೆ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತು, “ಹಂಗಾರೆ ಮಳೆ ಬತ್ತದಾ, ಅಕ್ಕೋರೆ?” ಎಂದಳು.

“ಬರುತ್ತದೆ. ಶುಕ್ರವಾರದೊಳಗೆ ಬರುತ್ತದೆ” ಎಂದೆ.

ಹಾಗೆ ಹೇಳಲು ನನಗೆ ಆಧಾರವಿತ್ತು ಎಂದೇ ಅಂದುಕೊಂಡಿದ್ದೆ. 2021ರ ಮೇ ತಿಂಗಳ ಮಧ್ಯದಲ್ಲಿ ತೌಕ್ತೆ ಬಂದದ್ದು ಮಕ್ಕಳಿಗೂ ನೆನಪಿತ್ತು. ಲಾಕ್‌ಡೌನ್ ಸಮಯ, ಎಲ್ಲರೂ ಮನೆಯಲ್ಲೇ ಇದ್ದರು. ನಮ್ಮ ಕರಾವಳಿಯಲ್ಲಿ ಭಾರಿ ಮಳೆಯಾಯಿತು, ದಂಡೆಯ ಮನೆ, ತೆಂಗಿನಮರಗಳು ಹೋದವು, ಬಾವಿಗಳೂ ತುಂಬಿದವು. ತುಫಾನು ಎದ್ದರೆ ಮಳೆ ಎಂಬುದು ಅವರ ಅನುಭವ. ನಾನು ಅದಕ್ಕೆ ವಿಜ್ಞಾನದ ಮುದ್ರೆ ಒತ್ತಿದೆ, ಅಷ್ಟೆ. ವೀಕ್ಷಕರು ನನ್ನ ಪುಸ್ತಕದಲ್ಲಿ ಬರೆದರು: ‘ಸ್ಥಳೀಯ ಸಂದರ್ಭದ ಬಳಕೆ ಉತ್ತಮ. ಪ್ರಶ್ನೆಗೆ ಆತ್ಮವಿಶ್ವಾಸದಿಂದ ಉತ್ತರಿಸಿದ್ದಾರೆ.’

ಅದೇ ಸಂಜೆ ಅದು ಚಂಡಮಾರುತವಾಯಿತು. ಬಾಂಗ್ಲಾದೇಶ ಸೂಚಿಸಿದ್ದ ‘ಬಿಪರ್‌ಜಾಯ್’ ಎಂಬ ಹೆಸರು ಬಂತು. ಮರುದಿನ ಮಕ್ಕಳು ಆ ಹೆಸರು ಹೇಳಿಕೊಂಡೇ ಶಾಲೆಗೆ ಬಂದರು. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಅರಬ್ಬಿ ಸಮುದ್ರದ ನಕ್ಷೆ ಬರೆದು, ಅಕ್ಷಾಂಶ ರೇಖಾಂಶ ಗೆರೆ ಎಳೆದು ಗೋಡೆಗೆ ಅಂಟಿಸಿದೆವು. ಪ್ರತಿದಿನ ಪ್ರಾರ್ಥನೆ ಮುಗಿದ ಮೇಲೆ ಇಲಾಖೆಯ ಪ್ರಕಟಣೆಯಲ್ಲಿದ್ದ ಜಾಗಕ್ಕೆ ಒಬ್ಬರು ಪೆನ್ಸಿಲಿನಲ್ಲಿ ಚುಕ್ಕೆ ಇಡುವುದು. ಮೊದಲ ಚುಕ್ಕೆ ಸುಮಾರು 11 ಡಿಗ್ರಿ ಉತ್ತರ, 66 ಡಿಗ್ರಿ ಪೂರ್ವದಲ್ಲಿ ಬಿತ್ತು. ಆಗ ಅದು ಒಮಾನ್ ಕಡೆಗೋ, ಪಾಕಿಸ್ತಾನಕ್ಕೋ, ಗುಜರಾತಿಗೋ ಎಂಬುದರಲ್ಲಿ ಮುನ್ಸೂಚನೆಗಳೇ ಒಂದಕ್ಕೊಂದು ಹೊಂದುತ್ತಿರಲಿಲ್ಲ.

ಶುಕ್ರವಾರ ಬಂತು, ಹೋಯಿತು. ಕಡಲು ಕುದಿಯುತ್ತಿತ್ತು. ಒಂದು ಸಲ ತುಂತುರು ಬಿದ್ದು ಅಂಗಳದ ಧೂಳು ಅಡಗಿತು, ಅಷ್ಟೆ. ಕೇರಳಕ್ಕೆ ಮುಂಗಾರು ಜೂನ್ 8ರಂದು ಬಂದಿತ್ತು, ವಾಡಿಕೆಗಿಂತ ಒಂದು ವಾರ ತಡವಾಗಿ. 11ರ ಹೊತ್ತಿಗೆ ಇಲಾಖೆಯ ನಕ್ಷೆಯಲ್ಲಿ ಮುಂಗಾರಿನ ಗೆರೆ ನಮ್ಮನ್ನೂ ದಾಟಿ ರತ್ನಾಗಿರಿ ಮುಟ್ಟಿತ್ತು. ನಮ್ಮ ಶಾಲೆಯ ಬಾವಿಗೆ ಆ ಸುದ್ದಿ ತಲುಪಿರಲಿಲ್ಲ.

12ರ ಸೋಮವಾರ ಪ್ರಶ್ನೆ ಕೇಳಿದ್ದ ಹುಡುಗಿಯ ತಾಯಿ ಶಾಲೆಗೆ ಬಂದರು. ಬೇರೆ ಯಾವುದೋ ಸಹಿ ಹಾಕಲು ಬಂದದ್ದು. ನನ್ನನ್ನು ನೋಡಿ ನಗುತ್ತಲೇ ಹೇಳಿದರು: “ಶಾಲೆ ಅಕ್ಕೋರೇ ಹೇಳಿದ್ದಾರೆ ಅಂತ ನಮ್ಮನೆಯವರು ಬುಧವಾರವೇ ಅಗೆಮಡಿಗೆ ಬೀಜ ಹಾಕಿದ್ರು. ನವಿಲು ತಿಂದು ಹೋದ್ವು. ಇರ್ಲಿ ಬಿಡಿ.” ಮೂರು ಕೊಳಗ ಬೀಜ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಆ ಮನೆಯವರು ರೋಹಿಣಿ, ಮೃಗಶಿರ ಎಂದು ಲೆಕ್ಕ ಹಾಕಿ, ಕಡಲ ಬಣ್ಣ, ಗಾಳಿಯ ದಿಕ್ಕು ನೋಡಿ ಎಷ್ಟು ವರ್ಷಗಳಿಂದ ಬಿತ್ತಿದವರು. ಆ ವರ್ಷ ಕಾಯೋಣ ಎಂದುಕೊಂಡಿದ್ದವರು ತಮ್ಮ ಅನುಮಾನ ಬಿಟ್ಟು ನನ್ನ ಮಾತು ನಂಬಿದ್ದರು.

ಮರುದಿನ ನನ್ನ ಇನ್ನೊಂದು ವೀಕ್ಷಿತ ಪಾಠವಿತ್ತು. ಸಿದ್ಧಮಾಡಿದ್ದನ್ನು ಬದಿಗಿಟ್ಟು ತರಗತಿಗೆ ಮೊದಲು ಹೇಳಿದೆ, ನಾನು ಹೇಳಿದ್ದು ತಪ್ಪಾಯಿತು, ಯಾಕೆ ತಪ್ಪಾಯಿತು ನೋಡೋಣ ಎಂದು. ಮಕ್ಕಳು ನೂಲು ಹಿಡಿದು ಅಳೆದರು. ಒಂದು ಡಿಗ್ರಿ ಅಕ್ಷಾಂಶಕ್ಕೆ ಸುಮಾರು 111 ಕಿಲೋಮೀಟರ್ ಎಂದು ಲೆಕ್ಕ. ಬಿಪರ್‌ಜಾಯ್ ಹುಟ್ಟಿದಾಗ ಕಾರವಾರದಿಂದ 900 ಕಿಲೋಮೀಟರಿಗೂ ದೂರ. ಉತ್ತರಕ್ಕೆ ಸಾಗುತ್ತ ನಮ್ಮ ನೇರಕ್ಕೆ ಬಂದಾಗಲೂ 800ರ ಸುಮಾರು. ತೌಕ್ತೆಯ ದಾರಿಯನ್ನೂ ಅದೇ ನಕ್ಷೆಯ ಮೇಲೆ ಕೆಂಪು ಪೆನ್ಸಿಲಿನಲ್ಲಿ ಎಳೆದೆವು. ಅದು ನಮ್ಮ ದಂಡೆಗೆ 200 ಕಿಲೋಮೀಟರಿಗಿಂತ ಹತ್ತಿರದಲ್ಲಿ ಹೋಗಿತ್ತು. ಎರಡು ಗೆರೆಗಳ ನಡುವಿನ ಜಾಗ ನೋಡಿ ಒಬ್ಬ ಹುಡುಗ “ಇದು ನಮ್ಮದೇ ಅಲ್ಲ ಅಕ್ಕೋರೆ” ಎಂದ. ದೂರದ ಚಂಡಮಾರುತ ಸುತ್ತಲಿನ ತೇವದ ಗಾಳಿಯನ್ನು ತನ್ನ ಕಡೆಗೇ ಎಳೆದುಕೊಳ್ಳುತ್ತದೆ, ಮುಂಗಾರಿನ ಓಟ ಕುಂಟಬಹುದು ಎಂದು ವಿವರಿಸಿದೆ. “ನಮ್ಮ ಮಳೆ ಗುಜರಾತಿಗೆ ಹೋಯ್ತಾ?” ಎಂದು ಇನ್ನೊಬ್ಬಳು ಕೇಳಿದಳು. ಅಷ್ಟು ಸರಳವಲ್ಲ, ಆದರೆ ಆ ಪ್ರಶ್ನೆಯಲ್ಲಿ ನನ್ನ ವಿವರಣೆಗಿಂತ ಹೆಚ್ಚು ಭೌತಶಾಸ್ತ್ರವಿತ್ತು.

ಮತ್ತೆ ಅದೇ ಪ್ರಶ್ನೆ ಬಂತು: ನಮಗೆ ಮಳೆ ಯಾವಾಗ? ಈ ಸಲ ಹಲಗೆಯನ್ನು ಎರಡು ಭಾಗ ಮಾಡಿ, ಒಂದು ಕಡೆ ‘ಇಂದು ಗೊತ್ತಿರುವುದು’, ಇನ್ನೊಂದು ಕಡೆ ‘ಇನ್ನೂ ಗೊತ್ತಿಲ್ಲದ್ದು’ ಎಂದು ಬರೆದೆ. ಮಳೆಯ ದಿನ ಎರಡನೇ ಭಾಗದಲ್ಲೇ ಉಳಿಯಿತು. ಯಾವ ಪ್ರಕಟಣೆ ನೋಡಬೇಕು, ಅದರಲ್ಲಿ ಚಂಡಮಾರುತ ರೂಪುಗೊಳ್ಳುವ ಸಾಧ್ಯತೆ ‘ಕಡಿಮೆ’, ‘ಮಧ್ಯಮ’, ‘ಹೆಚ್ಚು’ ಎಂದರೆ ಏನರ್ಥ, ‘ಕಡಿಮೆ’ ಎಂದರೆ ‘ಇಲ್ಲ’ ಎಂದಲ್ಲ ಎಂಬುದನ್ನು ಮಾತಾಡುವಷ್ಟರಲ್ಲಿ ಗಂಟೆ ಬಾರಿಸಿತು. ಪುಸ್ತಕದಲ್ಲಿ ಬಂದ ಷರಾ: ‘ಮುಕ್ತಾಯ ಅಪೂರ್ಣ. ವಿದ್ಯಾರ್ಥಿಗಳಿಗೆ ಸ್ಪಷ್ಟ ಉತ್ತರ ದೊರೆತಿಲ್ಲ.’

ವೀಕ್ಷಕರ ಮೇಲೆ ನನಗೆ ಸಿಟ್ಟಿಲ್ಲ. ಅವರ ಕೈಯಲ್ಲಿದ್ದ ನಮೂನೆಯಲ್ಲಿ ಸ್ಪಷ್ಟತೆಗೆ ಕಲಂ ಇತ್ತು, ಮುಕ್ತಾಯಕ್ಕೆ ಕಲಂ ಇತ್ತು. ತರಗತಿ ಒಂದು ಪ್ರಶ್ನೆಯನ್ನು ಸರಿಯಾದ ಕಾರಣಕ್ಕೆ ತೆರೆದಿಟ್ಟಿತೇ ಎಂದು ನೋಡಲು ಕಲಂ ಇರಲಿಲ್ಲ. ರಚನಾವಾದ ಎಂದು ನಾವು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆಯುತ್ತೇವೆ. ನಲವತ್ತು ನಿಮಿಷದಲ್ಲಿ ಎಲ್ಲವೂ ಮುಗಿದು, ಮೌಲ್ಯಮಾಪನದ ಪ್ರಶ್ನೆಗೆ ಒಂದೇ ವಾಕ್ಯದ ಉತ್ತರ ಬರಬೇಕು ಎಂದರೆ, ನಾಳೆ ಮಾತ್ರ ಉತ್ತರ ಸಿಗುವ ವಿಷಯಗಳೆಲ್ಲ ಪಾಠವಾಗುವುದೇ ಇಲ್ಲ. ಹವಾಮಾನದ ಹಾಗೆ ಬೆಳೆ ರೋಗ, ಜ್ವರ ಹರಡುವಿಕೆ, ನದಿಯ ಮಟ್ಟ ಎಲ್ಲವೂ ಆ ಪಟ್ಟಿಗೆ ಸೇರುತ್ತವೆ.

ಸಹಪಾಠಿಗಳೊಂದಿಗೆ ಇದನ್ನು ಚರ್ಚಿಸಿದಾಗ ಒಬ್ಬರು ಹೇಳಿದ್ದು: ಪ್ರಶಿಕ್ಷಣಾರ್ಥಿ ‘ಗೊತ್ತಿಲ್ಲ’ ಎಂದರೆ ಮಕ್ಕಳು ಹಿಡಿತಕ್ಕೆ ಸಿಗುವುದಿಲ್ಲ. ಆ ಭಯ ನನಗೂ ಇತ್ತು. ನನ್ನ ತರಗತಿಯಲ್ಲಿ ಹಾಗಾಗಲಿಲ್ಲ. ಬರೀ ‘ಗೊತ್ತಿಲ್ಲ’ ಎಂದು ಕೂತಿದ್ದರೆ ಆಗುತ್ತಿತ್ತೇನೋ. ಎಲ್ಲಿ ನೋಡಿದರೆ ಗೊತ್ತಾಗುತ್ತದೆ ಎಂಬ ಕೆಲಸ ಕೊಟ್ಟಾಗ ಅವರಿಗೆ ಪುರಸೊತ್ತೇ ಇರಲಿಲ್ಲ. ಇನ್ನೊಬ್ಬರ ಆಕ್ಷೇಪ ಇನ್ನೂ ತೂಕದ್ದು: ಪ್ರಾಣದ ವಿಷಯದಲ್ಲಿ ಗೊಂದಲ ಬೇಡ, ಕಡಲಿಗೆ ಹೋಗಬೇಡಿ ಎಂದರೆ ಮುಗಿಯಿತು. ಒಪ್ಪುತ್ತೇನೆ. ನಿಷೇಧದ ದಿನಗಳಲ್ಲೂ ಸಣ್ಣ ದೋಣಿಯಲ್ಲಿ ಹೋಗುವ ಅಪ್ಪಂದಿರು ಆ ತರಗತಿಯಲ್ಲಿ ಹಲವರಿದ್ದರು. 2017ರ ನವೆಂಬರ್ ಕೊನೆಯಲ್ಲಿ ಓಖಿ ಬಂದಾಗ ಎಚ್ಚರಿಕೆಗೆ ಮುಂಚೆಯೇ ಆಳಸಮುದ್ರಕ್ಕೆ ಹೋಗಿದ್ದ ಕೇರಳ, ತಮಿಳುನಾಡಿನ ಎಷ್ಟೋ ಮೀನುಗಾರರು ಮರಳಲಿಲ್ಲ. ಎಚ್ಚರಿಕೆ ಬಂದ ಮೇಲೆ ಚರ್ಚೆಯಿಲ್ಲ, ಪಾಲಿಸುವುದೇ. ಆದರೆ ‘ಇಲ್ಲಿಗೆ ಬರುವುದಿಲ್ಲ’ ಎಂದು ಟೀಚರ್ ಹೇಳುವುದೂ ‘ಶುಕ್ರವಾರ ಮಳೆ’ ಎಂದಷ್ಟೇ ಅಪಾಯದ ಮಾತು. ಪ್ರಕಟಣೆ ಓದಲು ಬರುವ ಮಗು ಮನೆಯಲ್ಲಿದ್ದರೆ ನಮ್ಮಂಥವರ ಮಾತಿಗೂ ವಾಟ್ಸ್ಆಪ್ ಸಂದೇಶಕ್ಕೂ ಒಂದು ತಡೆ ಇರುತ್ತದೆ.

ಬಿಪರ್‌ಜಾಯ್ ಜೂನ್ 15ರ ರಾತ್ರಿ ಗುಜರಾತಿನ ಜಖೌ ಬಂದರಿನ ಬಳಿ ದಡ ದಾಟಿತು. ಅದರ ಉಳಿಕೆಯಿಂದ ರಾಜಸ್ಥಾನದ ಮರುಭೂಮಿಯಲ್ಲಿ ನೆರೆ ಬಂದ ಚಿತ್ರಗಳನ್ನು ಮಕ್ಕಳು ಖಾಲಿ ಕೊಡಪಾನಗಳ ಪಕ್ಕ ನಿಂತು ನೋಡಿದರು. ನಮಗೆ ನಿಜವಾದ ಮಳೆ ಹಿಡಿದದ್ದು ತಿಂಗಳ ಕೊನೆಯ ವಾರದಲ್ಲಿ. ಆ ದಿನ ಹುಡುಗಿ ಹಲಗೆಯ ಎರಡನೇ ಭಾಗದಲ್ಲಿದ್ದ ಸಾಲನ್ನು ಒರೆಸಿ ಮೊದಲ ಭಾಗಕ್ಕೆ ಬರೆದಳು. ಅವರ ಮನೆಯಲ್ಲಿ ಎರಡನೇ ಸಲ ಬೀಜ ಹಾಕಿದ್ದರು. ಬೀಜ ಪಕ್ಕದ ಮನೆಯಿಂದ ಸಾಲ ತಂದದ್ದು ಎಂದು ಆಮೇಲೆ ತಿಳಿಯಿತು.

ಬೋಧನಾಭ್ಯಾಸದ ಹೊಣೆ ಹೊತ್ತ ಗುರುಗಳಲ್ಲಿ ನನ್ನ ಕೋರಿಕೆ ಇಷ್ಟು. ವೀಕ್ಷಣಾ ನಮೂನೆಗೆ ಒಂದು ಕಲಂ ಸೇರಿಸಿ: ಉತ್ತರ ಸಿಗದ ಪ್ರಶ್ನೆಯನ್ನು ಪ್ರಶಿಕ್ಷಣಾರ್ಥಿ ಹೇಗೆ ನಿಭಾಯಿಸಿದರು? ಇಡೀ ಪಾಠ ಬೇಡ, ದಿನಕ್ಕೆ ಐದು ನಿಮಿಷದಂತೆ ಹತ್ತು ದಿನ ನಡೆಯುವ ಒಂದು ಅವಲೋಕನವನ್ನೂ ಒಂದು ವೀಕ್ಷಿತ ಪಾಠವೆಂದು ಲೆಕ್ಕಕ್ಕೆ ತೆಗೆದುಕೊಳ್ಳಿ. ನನ್ನ ಪಾಠ ಯೋಜನೆಯ ಪುಸ್ತಕ ಕಾಲೇಜಿನಲ್ಲೇ ಇದೆ. ಜೂನ್ 6 ಮತ್ತು 13ರ ಎರಡು ಪುಟಗಳನ್ನು, ಷರಾಗಳ ಸಮೇತ, ಮುಂದಿನ ತಂಡದ ಪೂರ್ವಸಿದ್ಧತೆಯಲ್ಲಿ ಓದಿಸಬಹುದು. ನನ್ನ ಹೆಸರು ಮುಚ್ಚಬೇಕಾಗಿಲ್ಲ.