ಸೈಕಲ್ಲಿಗೊಂದು ಕೊಟ್ಟಿಗೆ ಬೇಡವೆ?

ಕನ್ನಡಿಗನು ಮನೆ ಕಟ್ಟುವಾಗ ತನ್ನೊಬ್ಬನನ್ನೇ ನೆನೆದು ಕಟ್ಟಿದವನಲ್ಲ. ದನಕ್ಕೆ ಕೊಟ್ಟಿಗೆ, ಕುದುರೆಗೆ ಲಾಯ, ಕುರಿಗೆ ದೊಡ್ಡಿ, ಕೋಳಿಗೆ ಗೂಡು, ಭತ್ತಕ್ಕೆ ಕಣಜ, ತೇರಿಗೆ ತೇರಿನ ಮನೆ—ಹೀಗೆ ತನ್ನ ಬಾಳಿಗೆ ಆಸರೆಯಾದ ಪ್ರತಿಯೊಂದಕ್ಕೂ ಒಂದು ನೆಲೆಯನ್ನು ಮಾಡಿ, ಆ ನೆಲೆಗೊಂದು ಹೆಸರನ್ನೂ ಇಟ್ಟನು. ವಿಜಯನಗರದವರು ಕಟ್ಟಿಸಿದ ಗಜಶಾಲೆ ಹಂಪೆಯಲ್ಲಿ ಇಂದಿಗೂ ನಿಂತಿದೆ. ಕಾರು ಬಂದಾಗ ಗ್ಯಾರೇಜೆಂಬ ಪರಭಾಷೆಯ ಮಾತನ್ನೂ ಅದರ ಜೊತೆಗೇ ಮನೆಗೆ ಬರಮಾಡಿಕೊಂಡೆವು. ಸೈಕಲ್ಲು ನಮ್ಮ ನಡುವೆ ಬಂದು ನೂರು ವರ್ಷಕ್ಕೆ ಮಿಕ್ಕಿತು. ಮನೆಯಲ್ಲಿ ಅದನ್ನಿರಿಸುವ ಜಾಗಕ್ಕೆ ನಮ್ಮ ನುಡಿಯಲ್ಲಿ ಏನು ಹೆಸರು? ರೈಲ್ವೆ ನಿಲ್ದಾಣದಲ್ಲಿ, ಸಿನೆಮಾ ಮಂದಿರದಲ್ಲಿ ‘ಸೈಕಲ್ ಸ್ಟ್ಯಾಂಡ್’ ಉಂಟು. ಮನೆಯಲ್ಲಿ ಏನೂ ಇಲ್ಲ. ಹೆಸರಿಲ್ಲದಿರುವುದಕ್ಕೆ ಕಾರಣ ಸರಳವಾದುದು: ಜಾಗವನ್ನೇ ನಾವು ಕೊಟ್ಟಿಲ್ಲ.

ಬಯಲುಸೀಮೆಯವರಿಗೆ ಇದು ದೊಡ್ಡ ಮಾತೆನಿಸದು. ಅಲ್ಲಿ ಹೊಸ್ತಿಲಿನವರೆಗೂ ಸೈಕಲ್ಲು ಉರುಳಿ ಬರುತ್ತದೆ. ಕಟ್ಟೆಗೋ ಪಡಸಾಲೆಯ ಗೋಡೆಗೋ ಒರಗಿಸಿದರೆ ಮುಗಿಯಿತು. ಆದರೆ ಉತ್ತರ ಕನ್ನಡದ ಘಟ್ಟದ ಮೇಲಿನ ತಾಲೂಕುಗಳಿಗೆ ಬಂದು ನೋಡಬೇಕು. ಹಳಿಯಾಳ, ಮುಂಡಗೋಡಗಳ ನೆಲ ಇನ್ನೂ ಬಯಲಿನ ನಂಟನ್ನು ಪೂರ್ತಿ ಬಿಟ್ಟಿಲ್ಲ. ದಾಂಡೇಲಿಯನ್ನು ದಾಟಿ ಕಾಳಿಯ ಕಣಿವೆಯ ದಾರಿಯಲ್ಲಿ ಗಣೇಶಗುಡಿ, ಜೋಯಿಡಾಗಳತ್ತ ಹೊರಟರೆ ಗುಡ್ಡದ ಓರೆಯನ್ನು ಕಡಿದು ಕಟ್ಟಿದ ಮನೆಗಳು ಒಂದಾದ ಮೇಲೊಂದು ಸಿಕ್ಕುತ್ತವೆ. ರಸ್ತೆ ಕೆಳಗಿದ್ದರೆ ಮನೆ ಮೇಲೆ. ರಸ್ತೆ ಮೇಲಿದ್ದರೆ ಮನೆ ಕೆಳಗೆ. ನಡುವಿನ ಕಡಿದಾದ ಅಂಗಳವನ್ನು ಚಿರೆಕಲ್ಲಿನ ಒಡ್ಡುಗಳಿಂದ ಮೂರು ನಾಲ್ಕು ಹಂತವಾಗಿ ಮಾಡಿ ದಾಸವಾಳ, ಡೇರೆ, ಅಬ್ಬಲಿಗೆಗಳನ್ನು ಬೆಳೆಸಿರುತ್ತಾರೆ. ಹೂವಿನ ನಡುವೆ ಇಪ್ಪತ್ತು ಇಪ್ಪತ್ತೈದು ಪಾವಟಿಗೆ. ನೋಡಲು ಬಲು ಚೆಂದ, ಛಾಯಾಚಿತ್ರಕ್ಕೆ ಯೋಗ್ಯವಾದುದು. ಆದರೆ ಆ ಚಿತ್ರದಲ್ಲಿ ಸೈಕಲ್ಲು ಎಲ್ಲಿದೆ?

ಅದಕ್ಕೆ ಮೂರೇ ಗತಿಗಳು. ಒಂದು, ರಸ್ತೆಯ ಬದಿಯಲ್ಲಿ ಪಾಗಾರಕ್ಕೆ ಒರಗಿ ಮಳೆಯಲ್ಲಿ ನೆನೆಯುವುದು. ಎರಡು, ದಿನಕ್ಕೆರಡು ಸಲ ಯಾರದೋ ಹೆಗಲ ಮೇಲೆ ಪಾವಟಿಗೆ ಹತ್ತಿ ಇಳಿಯುವುದು. ಮೂರು, ಒಮ್ಮೆ ಮೇಲೇರಿ ಸೌದೆಯ ಮಾಡಿನ ಮೂಲೆ ಸೇರಿ ಮತ್ತೆಂದೂ ಕೆಳಗಿಳಿಯದಿರುವುದು. ನಮ್ಮ ಗುಡ್ಡದ ಊರುಗಳಲ್ಲಿ ಎಷ್ಟೋ ಸೈಕಲ್ಲುಗಳು ಮೊದಲೆರಡು ಗತಿಗಳನ್ನು ಅನುಭವಿಸಿ ಮೂರನೆಯದರಲ್ಲಿ ಮುಕ್ತಿ ಪಡೆಯುತ್ತವೆ. ಆಗ ಮನೆಯ ಯಜಮಾನರು, “ಈ ಊರಿಗೆ ಸೈಕಲ್ಲು ಸಲ್ಲದು” ಎಂದು ತೀರ್ಪು ಕೊಡುತ್ತಾರೆ. ಸೈಕಲ್ಲಿಗೆ ಸಲ್ಲದಂತೆ ಮನೆಯನ್ನು ಕಟ್ಟಿದವರು ತಾವೇ ಎಂಬುದು ಅವರ ಗಮನಕ್ಕೆ ಬರುವುದಿಲ್ಲ.

ಹೊರೆಯ ಲೆಕ್ಕವನ್ನೇ ನೋಡೋಣ. ನಮ್ಮಲ್ಲಿ ಬಳಕೆಯಲ್ಲಿರುವ ಗಟ್ಟಿಮುಟ್ಟಾದ ಸೈಕಲ್ಲಿನ ತೂಕ ಸುಮಾರು 20 ಕಿಲೋ. ಆರಂಗುಲ ಎತ್ತರದ 25 ಪಾವಟಿಗೆಯೆಂದರೆ ಹನ್ನೆರಡೂವರೆ ಅಡಿ. ಗಟ್ಟಿ ಆಳಿಗೆ ಇದು ಹೆಚ್ಚಲ್ಲದಿರಬಹುದು. ಆದರೆ ಹೆಗಲಲ್ಲಿ ಪುಸ್ತಕದ ಚೀಲವಿರುವ ಹದಿಮೂರರ ಹುಡುಗಿಗೆ, ರಾತ್ರಿ ಪಾಳಿ ಮುಗಿಸಿ ಬಂದ ಐವತ್ತೈದರ ಕಾರ್ಮಿಕನಿಗೆ, ಆಷಾಢದ ಮಳೆಯಲ್ಲಿ ಪಾಚಿಗಟ್ಟಿದ ಕಲ್ಲಿನ ಮೇಲೆ ಅದನ್ನು ಹೊರುವುದು ಕಾಲು ಮುರಿದುಕೊಳ್ಳುವ ದಾರಿ. ಹೊರಲಾರದವರು ಕೆಳಗೇ ಬಿಡುತ್ತಾರೆ. ಅಲ್ಲಿ ಜೂನಿನಿಂದ ಮೂರು ನಾಲ್ಕು ತಿಂಗಳು ಅದು ನೆನೆಯುತ್ತದೆ. ಸರಪಳಿ ತುಕ್ಕು ಹಿಡಿದರೆ ತುಳಿಯುವುದು ಕಷ್ಟ, ಅಷ್ಟೆ. ಬ್ರೇಕಿನ ಕಡ್ಡಿ ತುಕ್ಕು ಹಿಡಿದರೆ ಜೀವಕ್ಕೇ ಸಂಚಕಾರ. ಒದ್ದೆಯಾದ ಗಾಲಿಯನ್ನು ರಬ್ಬರಿನ ಬಿಲ್ಲೆ ಮೊದಲೇ ಸರಿಯಾಗಿ ಹಿಡಿಯದು. ಬಯಲಿನಲ್ಲಿ ಬ್ರೇಕು ಕೈಕೊಟ್ಟರೆ ಕಾಲೂರಿ ನಿಲ್ಲಬಹುದು. ಇಳಿಜಾರಿನ ರಸ್ತೆಯಲ್ಲಿ ನಿಲ್ಲುವುದು ತಿರುವಿನ ಆಚೆಯ ಕಂದಕದಲ್ಲಿ. ಗುಡ್ಡದ ಊರಿನ ಸೈಕಲ್ಲಿಗೆ ಬಯಲಿನ ಸೈಕಲ್ಲಿಗಿಂತ ಹೆಚ್ಚಿನ ಜೋಪಾನ ಬೇಕು. ನಾವು ಕೊಡುವುದು ಕಡಿಮೆ ಜೋಪಾನ.

ಇದರಲ್ಲಿ ಸಾರ್ವಜನಿಕ ಹಣದ ಮಾತೂ ಇದೆ. 2006-07ರಲ್ಲಿ ಕರ್ನಾಟಕ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಹಂಚಲು ತೊಡಗಿತು. ಹಳ್ಳಿಯಲ್ಲಿ ಏಳನೆಯ ತರಗತಿಗೆ ಓದು ಮುಗಿದು, ಪ್ರೌಢಶಾಲೆ ದೂರವಾಯಿತೆಂಬ ಕಾರಣಕ್ಕೆ ಹೆಣ್ಣುಮಕ್ಕಳು ಮನೆಯಲ್ಲಿ ಉಳಿಯುವುದನ್ನು ತಪ್ಪಿಸಲು ಇದಕ್ಕಿಂತ ನೇರವಾದ ಉಪಾಯ ಕಡಿಮೆ. ಕೋವಿಡ್ ಪಿಡುಗಿನ ಕಾಲದಲ್ಲಿ ಹಂಚಿಕೆ ನಿಂತಿತು. ಅಷ್ಟರೊಳಗೆ ರಾಜ್ಯದಲ್ಲಿ ಲಕ್ಷಗಟ್ಟಲೆ ಸೈಕಲ್ಲುಗಳು ಮಕ್ಕಳ ಕೈ ಸೇರಿದ್ದವು. ಆ ಸೈಕಲ್ಲುಗಳ ಗುಣಮಟ್ಟದ ಬಗ್ಗೆ, ಬಣ್ಣದ ಬಗ್ಗೆ ವಾದವಿವಾದಗಳು ನಡೆದವು. ರಾತ್ರಿ ಅವು ಎಲ್ಲಿ ಮಲಗುತ್ತವೆ ಎಂದು ಕೇಳಿದವರು ವಿರಳ. ಹಸುವನ್ನು ದಾನ ಕೊಡುವವನು ಕೊಟ್ಟಿಗೆ ಇದೆಯೆ ಎಂದು ವಿಚಾರಿಸುತ್ತಾನೆ. ಸೈಕಲ್ಲಿನ ವಿಷಯದಲ್ಲಿ ಆ ಹಳ್ಳಿಯ ವಿವೇಕ ಯಾರಿಗೂ ಹೊಳೆಯಲಿಲ್ಲ.

ಈಗ ಪ್ರತಿವಾದಿಗಳ ಮಾತನ್ನು ಕೇಳೋಣ. “ಈ ಕಾಲದಲ್ಲಿ ಸೈಕಲ್ಲು ತುಳಿಯುವವರು ಯಾರು?” ಎಂಬುದು ಮೊದಲನೆಯದು. 2011ರ ಜನಗಣತಿಯ ಪ್ರಕಾರ ಭಾರತದ ನೂರು ಕುಟುಂಬಗಳಲ್ಲಿ ಸುಮಾರು 45ರಲ್ಲಿ ಸೈಕಲ್ಲಿತ್ತು. ಕಾರು, ಜೀಪುಗಳಿದ್ದುದು ಐದರಷ್ಟು ಕುಟುಂಬಗಳಲ್ಲೂ ಇಲ್ಲ. ಆ ಐದಕ್ಕೂ ಕಡಿಮೆ ಮಂದಿಗಾಗಿ ಗುಡ್ಡ ಕಡಿದು ಗ್ಯಾರೇಜು ಮಾಡುವ ಕಲೆ ನಮಗೆ ಬಂತು. 45 ಮಂದಿಗಾಗಿ ಒಂದು ಮಾಡು ಕಟ್ಟುವ ಕಲೆ ಬರಲಿಲ್ಲ. ಆ ಲೆಕ್ಕ ಹಳೆಯದಾಯಿತು, ಈಗ ಎಲ್ಲರೂ ಸ್ಕೂಟರಿನವರು ಎನ್ನುವಿರಾದರೆ, ಆ ಸ್ಕೂಟರಾದರೂ ಪಾವಟಿಗೆ ಹತ್ತುತ್ತದೆಯೆ?

“ಬಸ್ಸಿದೆಯಲ್ಲ?” ಎಂಬುದು ಎರಡನೆಯದು. 2023ರ ಜೂನಿನಿಂದ ಹೆಂಗಸರಿಗೆ ಸರಕಾರಿ ಬಸ್ಸಿನ ಪ್ರಯಾಣ ಉಚಿತವಾದುದು ನಿಜ, ಒಳ್ಳೆಯದೇ ಆಯಿತು. ಆದರೆ ಟಿಕೆಟ್ಟಿಗೆ ದುಡ್ಡಿಲ್ಲವೆಂದ ಮಾತ್ರಕ್ಕೆ ಬಸ್ಸು ಮನೆಯ ಬಾಗಿಲಿಗೆ ಬರುವುದಿಲ್ಲ. ಕಾಡಿನ ನಡುವೆ ಚದುರಿದ ಜೋಯಿಡಾದ ಹಳ್ಳಿಗಳಿಂದ ಬಸ್ಸಿನ ದಾರಿಗೆ ಬರುವುದೇ ಒಂದು ಪ್ರಯಾಣ. ಆ ಪ್ರಯಾಣಕ್ಕೆ ಸೈಕಲ್ಲಿಗಿಂತ ಉತ್ತಮ ವಾಹನ ಯಾವುದು?

“ಗುಡ್ಡದ ಊರಿಗೂ ಸೈಕಲ್ಲಿಗೂ ಆಗಿಬರದು” ಎಂಬುದು ಮೂರನೆಯದು. ನಾರ್ವೆ ದೇಶದ ಟ್ರೋಂಡ್‌ಹೈಮ್ ನಗರದವರು 1993ರಲ್ಲಿ ಒಂದು ಕಡಿದಾದ ಬೀದಿಯಲ್ಲಿ ಸೈಕಲ್ ಸವಾರರ ಕಾಲಿಗೆ ಆನಿಕೆ ಕೊಟ್ಟು ಮೇಲಕ್ಕೆ ತಳ್ಳುವ ಯಂತ್ರವನ್ನೇ ಕೂರಿಸಿದರು. ನಾನು ಅಷ್ಟು ಕೇಳುವವನಲ್ಲ. ನೆದರ್‌ಲ್ಯಾಂಡಿನಲ್ಲಿ, ಜಪಾನಿನಲ್ಲಿ ಸಾರ್ವಜನಿಕ ಮೆಟ್ಟಿಲುಗಳ ಬದಿಯಲ್ಲಿ ಸೈಕಲ್ಲಿನ ಗಾಲಿ ಉರುಳಲು ಒಂದು ಕಿರಿದಾದ ಕಾಲುವೆಯನ್ನು ಬಿಟ್ಟಿರುತ್ತಾರೆ. ಅದನ್ನು ಕೇಳುತ್ತೇನೆ. ಇದೇನೂ ನಮಗೆ ಅಪರಿಚಿತವಾದ ವಿದ್ಯೆಯಲ್ಲ. ಅಡಕೆಯ ಮರವನ್ನು ಸೀಳಿ, ತಿರುಳನ್ನು ಕೆತ್ತಿ ತೆಗೆದು, ಆ ದೋಣಿಯಲ್ಲಿ ಗುಡ್ಡದ ನೀರನ್ನು ತೋಟಕ್ಕೆ ಹರಿಸಿದ ಜನ ನಾವು. ನೀರು ಹರಿಯುವ ದೋಣಿಯಲ್ಲಿ ಗಾಲಿ ಹರಿಯಲಾರದೆ?

ಮಾಡಬೇಕಾದುದು ಎರಡೇ ಕೆಲಸ. ಸೈಕಲ್ಲು ಮನೆಯವರೆಗೆ ಬರಲೇಬೇಕಾದರೆ, ಪಾವಟಿಗೆಯ ಒಂದು ಬದಿಯಲ್ಲಿ ನಾಲ್ಕು ಬೆರಳಗಲದ ಗಾರೆಯ ಕಾಲುವೆಯನ್ನು ಮೇಲಿನಿಂದ ಕೆಳಗಿನವರೆಗೆ ಎಳೆಯಬೇಕು. ಇಲ್ಲವೆ ಕಬ್ಬಿಣದ ಚಾನಲ್ಲನ್ನು ಬಿಗಿಯಬೇಕು. ಗೋಡೆಗೆ ಅಂಟಿಸಿ ಮಾಡಿದರೆ ಹ್ಯಾಂಡಲ್ಲೂ ಪೆಡಲೂ ಗೋಡೆಗೆ ತಾಗುತ್ತವೆ. ಒಂದು ಮೊಳ ಬಿಟ್ಟು ಮಾಡಬೇಕು. ಗಾರೆಯನ್ನು ನುಣ್ಣಗೆ ತೀಡದೆ ಒರಟಾಗಿಯೇ ಬಿಟ್ಟು, ಮಳೆಯ ನೀರು ಚರಂಡಿಗೆ ಹೋಗುವಂತೆ ಮಾಡಬೇಕು. ಆರಂಗುಲ ಎತ್ತರ, ಒಂದಡಿ ಅಗಲದ ಪಾವಟಿಗೆಯಾದರೆ, 20 ಕಿಲೋದ ಸೈಕಲ್ಲನ್ನು ಇಂಥ ಕಾಲುವೆಯಲ್ಲಿ ತಳ್ಳಲು ಬೇಕಾಗುವ ಬಲ ಸುಮಾರು 9 ಕಿಲೋ ಹೊರೆಗೆ ಸಮ. ಅರ್ಧಕ್ಕಿಂತ ಹೆಚ್ಚು ಭಾರವನ್ನು ಒಂದು ಗೀರು ಕಾಲುವೆ ಹೊತ್ತುಕೊಳ್ಳುತ್ತದೆ! ಇಳಿಸುವಾಗ ಬ್ರೇಕು ಹಿಡಿದರೆ ಆಯಿತು.

ಪಾವಟಿಗೆ ತೀರ ಕಡಿದಾಗಿದ್ದರೆ ಸೈಕಲ್ಲನ್ನು ಮನೆಗೆ ಏರಿಸುವ ಹಟವನ್ನೇ ಬಿಡಬೇಕು. ರಸ್ತೆಯ ಮಟ್ಟದ ಒಡ್ಡಿನಲ್ಲಿ ಆರೂವರೆ ಅಡಿ ಉದ್ದ, ನಾಲ್ಕಡಿ ಅಗಲದ ಗೂಡೊಂದನ್ನು ಬಿಟ್ಟರೆ ಎರಡು ಸೈಕಲ್ಲುಗಳು ಹಿಂದುಮುಂದಾಗಿ ನಿಲ್ಲುತ್ತವೆ. ಹೊಸ ಮನೆಯಲ್ಲಿ ಒಡ್ಡು ಕಟ್ಟುವಾಗಲೇ ಇದನ್ನು ಮಾಡಿದರೆ ಖರ್ಚು ಅಲ್ಪ. ಕಟ್ಟಿದ ಒಡ್ಡನ್ನು ಒಡೆಯುವುದಾದರೆ ಮಾತ್ರ ಕೆಲಸ ಬಲ್ಲ ಗೌಂಡಿಯನ್ನು ಕೇಳದೆ ಗುದ್ದಲಿ ಹಾಕಬಾರದು. ಹಿಂದಿನ ಮಣ್ಣಿನ ಭಾರವನ್ನು ತಡೆಯಲು ಮೂರು ಕಡೆಯೂ ಗೋಡೆ ಬೇಕು. ಮಣ್ಣಿನ ನೀರು ಹೊರಬರಲು ಗೋಡೆಯಲ್ಲಿ ಕಿಂಡಿಗಳು ಬೇಕು. ಮೇಲೊಂದು ಹಂಚಿನ ಇಲ್ಲವೆ ತಗಡಿನ ಮಾಡು. ನೆಲದ ಗಾರೆಯಲ್ಲಿ ಹುಗಿದ ಒಂದು ಕಬ್ಬಿಣದ ಬಳೆ, ಸರಪಳಿ ಹಾಕಿ ಬೀಗ ಜಡಿಯಲು. ಮಾಡಿನ ಮೇಲೆ ಹೂವಿನ ಬಳ್ಳಿಯನ್ನು ಹಬ್ಬಿಸಿದರೆ ತೋಟದ ಅಂದ ಕೆಟ್ಟಿತೆಂಬ ಕೊರಗಿಗೂ ಎಡೆಯಿಲ್ಲ.

ಆದರೆ ಇದನ್ನು ಮನೆಯೊಡೆಯರ ಸೌಜನ್ಯಕ್ಕೆ ಬಿಟ್ಟರೆ ಸಾಲದು. ಸೈಕಲ್ಲಿನ ಆವಶ್ಯಕತೆ ಹೆಚ್ಚಾಗಿರುವುದು ಬಾಡಿಗೆದಾರನಿಗೆ. ಒಡ್ಡಿನ ಮೇಲೆ ಅಧಿಕಾರವಿರುವುದು ಮಾಲಿಕನಿಗೆ. ಕಾರಿಗೆ ಮಾಡು ಕಟ್ಟಿಸುವ ಮಾಲಿಕನೇ ಬಾಡಿಗೆಯವನ ಸೈಕಲ್ಲು ಪಾವಟಿಗೆಯಲ್ಲಿ ಕಂಡರೆ “ದಾರಿಗೆ ಅಡ್ಡ” ಎನ್ನುತ್ತಾನೆ. ಆದಕಾರಣ ದಾಂಡೇಲಿಯ ನಗರಸಭೆ, ಹಳಿಯಾಳದ ಪುರಸಭೆ, ಮುಂಡಗೋಡದ ಪಟ್ಟಣ ಪಂಚಾಯತಿ, ಜೋಯಿಡಾದ ಗ್ರಾಮ ಪಂಚಾಯತಿ—ಈ ನಾಲ್ಕೂ ಸಂಸ್ಥೆಗಳು ಇಳಿಜಾರಿನಲ್ಲಿ ಮನೆ ಕಟ್ಟಲು ಪರವಾನಿಗೆ ಕೊಡುವಾಗ ನಕ್ಷೆಯಲ್ಲಿ ಒಂದು ಪ್ರಶ್ನೆಯನ್ನು ಕೇಳಬೇಕು: ಸೈಕಲ್ಲು ಎಲ್ಲಿ ನಿಲ್ಲುತ್ತದೆ? ಹಿಂದಿನ ಕಾಲದಲ್ಲಿ ನಮ್ಮ ಊರುಗಳ ಪುರಸಭೆಗಳು ಸೈಕಲ್ಲಿಗೆ ಬಿಲ್ಲೆ ಕೊಟ್ಟು ಸುಂಕ ಎತ್ತಿದ್ದುಂಟು. ದೀಪವಿಲ್ಲದ ಸವಾರನಿಗೆ ದಂಡ ಹಾಕಿದ್ದೂ ಉಂಟು. ಕೊಂಡದ್ದು ಇಷ್ಟಿರುವಾಗ ಒಂದು ಆಸರೆಯನ್ನಾದರೂ ಹಿಂದಿರುಗಿಸುವುದು ನ್ಯಾಯ.

ದಾಂಡೇಲಿಯಲ್ಲಿ 1955ರಲ್ಲಿ ಸ್ಥಾಪಿತವಾದ ಕಾಗದದ ಕಾರಖಾನೆಯಿಂದ ಹಿಡಿದು ಕಾಳಿಯ ಅಣೆಕಟ್ಟುಗಳವರೆಗೆ, ಈ ಕಾಡಿನ ಸೀಮೆಯಲ್ಲಿ ದೊಡ್ಡ ದೊಡ್ಡ ಕಟ್ಟೋಣಗಳು ಎದ್ದಿವೆ. ಸೂಪಾ ಪೇಟೆಯೇ ನೀರಿನಲ್ಲಿ ಮುಳುಗಿ ತಾಲೂಕಿನ ಕೇಂದ್ರ ಜೋಯಿಡಾಕ್ಕೆ ಸರಿಯಿತು. ಹೊಳೆಗೆ ಗೋಡೆ ಕಟ್ಟಿ ನಿಲ್ಲಿಸಬಲ್ಲ ಬುದ್ಧಿಗೆ ಆರೂವರೆ ಅಡಿಯ ಗೂಡು ದೊಡ್ಡದಾಗಲಾರದು. ಕೊರತೆಯಿರುವುದು ಬುದ್ಧಿಯಲ್ಲಿ ಅಲ್ಲ, ಗಣನೆಯಲ್ಲಿ: ಸೈಕಲ್ಲಿನವನನ್ನು ನಾವು ಲೆಕ್ಕಕ್ಕೆ ಹಿಡಿದಿಲ್ಲ. ಮುಂದಿನ ಮಳೆಗಾಲದೊಳಗೆ ಮನೆ ಕಟ್ಟಿಸುವವರು ಗೌಂಡಿಯನ್ನು ಕರೆದು ಹೂವಿನ ಹಂತಗಳ ಮಾತಾಡುವಾಗ, ಒಂದು ಗೂಡಿನ ಮಾತನ್ನೂ ಆಡಲಿ. ಅದಕ್ಕೊಂದು ಒಳ್ಳೆಯ ಕನ್ನಡ ಹೆಸರನ್ನು ಜನರೇ ಇಡುತ್ತಾರೆ.