ಗುಜರಿಗೆ ಹಾಕುವ ಮುನ್ನ

ಇನ್ವರ್ಟರ್‌ಗಳು ಬಂದ ಮೇಲೆ ಅನೇಕ ಮನೆ, ಅಂಗಡಿಗಳ ಹಳೆಯ ಜನರೇಟರ್‌ಗಳು ಮೂಲೆ ಸೇರಿವೆ. ಅವನ್ನು ಕಬ್ಬಿಣದ ತೂಕಕ್ಕೆ ಗುಜರಿಗೆ ಕೊಟ್ಟು ಕೈತೊಳೆದುಕೊಳ್ಳುವುದು ಅವಸರದ ನಿರ್ಧಾರವೆಂಬುದು ನಮ್ಮ ಅಭಿಪ್ರಾಯ.

ಜನರೇಟರ್ ಎಂಬುದು ಎಂಜಿನ್ ಮತ್ತು ಆಲ್ಟರ್ನೇಟರ್ ಎಂಬ ಎರಡು ಯಂತ್ರಗಳ ಜೋಡಿ. ಎರಡನ್ನೂ ಪ್ರತ್ಯೇಕವಾಗಿಯೇ ಪರೀಕ್ಷಿಸಬೇಕು. ಎಂಜಿನ್ ಓಡಿದರೂ ವಿದ್ಯುತ್ ಬಾರದಿದ್ದರೆ ವೈಂಡಿಂಗ್ ಸುಟ್ಟಿದೆಯೆಂದೇ ಭಾವಿಸಬೇಕಾಗಿಲ್ಲ. ದೀರ್ಘಕಾಲ ನಿಂತ ಆಲ್ಟರ್ನೇಟರಿನಲ್ಲಿ ಉಳಿದಿರಬೇಕಾದ ಕಾಂತಶಕ್ತಿ ನಶಿಸಿರಬಹುದು. ಅನುಭವಿ ಎಲೆಕ್ಟ್ರೀಷಿಯನ್ನರು ಫೀಲ್ಡ್ ಸುರುಳಿಗೆ 12 ವೋಲ್ಟ್ ಬ್ಯಾಟರಿಯಿಂದ ಕ್ಷಣಕಾಲ ವಿದ್ಯುತ್ ನೀಡಿ ಅದನ್ನು ಮರಳಿಸಬಲ್ಲರು. ಅದಕ್ಕೂ ಮೊದಲು ಮೆಗ್ಗರ್‌ನಿಂದ ಇನ್ಸುಲೇಷನ್ ಪರೀಕ್ಷೆಯಾಗಬೇಕು; ರೋಧ 1 ಮೆಗಾಓಮ್‌ಗಿಂತ ಕಡಿಮೆಯಿದ್ದರೆ ವೈಂಡಿಂಗ್ ಒಣಗಿಸದೆ ಓಡಿಸಲಾಗದು. ಹಳಸಿದ ಇಂಧನ, ಆಯಿಲ್, ಫಿಲ್ಟರ್‌ಗಳನ್ನು ಬದಲಿಸುವುದಂತೂ ಅನಿವಾರ್ಯ.

2023ರ ಜುಲೈ 1ರಿಂದ ತಯಾರಾಗುವ ಜನರೇಟರ್‌ಗಳಿಗೆ ಹೊಗೆಯ ಮಿತಿಗಳು ಬಹಳ ಬಿಗಿಯಾಗಿವೆ. ದಿನವೂ ಗಂಟೆಗಟ್ಟಲೆ ಓಡಿಸಬೇಕಾದವರು ಹೊಸದನ್ನೇ ಕೊಳ್ಳುವುದು ಯುಕ್ತ. ಅಪರೂಪಕ್ಕೆ ಬೇಕಾದವರಿಗೆ ದುರಸ್ತಿಯಾದ ಹಳೆಯದು ಸಾಕು.

ಆದರೆ ಚೇಂಜ್‌ಓವರ್ ಸ್ವಿಚ್ಚಿನಲ್ಲಿ ಉಳಿತಾಯ ಸಲ್ಲದು. ಅದಿಲ್ಲದೆ ಮನೆಯ ವೈರಿಂಗಿಗೆ ಜೋಡಿಸಿದರೆ ವಿದ್ಯುತ್ ಹಿಮ್ಮುಖವಾಗಿ ಹರಿದು ಟ್ರಾನ್ಸ್‌ಫಾರ್ಮರಿನಲ್ಲಿ ಅಧಿಕ ವೋಲ್ಟೇಜಾಗಿ, ಕಂಬವೇರಿದ ಲೈನ್‌ಮನ್ನರ ಪ್ರಾಣಕ್ಕೆ ಎರವಾದೀತು. ನಮ್ಮ ಅಂಗಡಿಯ ದೀಪಕ್ಕಾಗಿ ಮತ್ತೊಬ್ಬರ ಮನೆಯ ದೀಪ ಆರಬಾರದು.

ಪರೀಕ್ಷೆ, ದುರಸ್ತಿ, ಸ್ವಿಚ್ಚು ಎಲ್ಲದರ ಖರ್ಚು ಹಿಡಿದ ಮೇಲೂ ಗಿಟ್ಟುವುದಾದರೆ ಯಂತ್ರವನ್ನು ಉಳಿಸಿಕೊಳ್ಳಿ. ಗಿಟ್ಟದಿದ್ದರೆ ಮಾರಿಬಿಡಿ, ಆಗಲೂ ವೈಂಡಿಂಗಿನ ತಾಮ್ರಕ್ಕೆ ಕಬ್ಬಿಣದ ದರ ಒಪ್ಪಿಕೊಳ್ಳಬೇಡಿ.